ಪ್ರೀಮಿಯಂ ಏರುವುದು ಆಸ್ಪತ್ರೆಯ ಬಿಲ್ಲಿನಲ್ಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಖಾಸಗಿ ಆಸ್ಪತ್ರೆಗಳ ದರಕ್ಕೆ ರಾಜ್ಯದಲ್ಲಿ ಮಿತಿ ಇಲ್ಲದ ಕಾರಣ ಆರೋಗ್ಯ ವಿಮೆ ಜನಸಾಮಾನ್ಯರ ಕೈಮೀರುತ್ತಿರುವ ಬಗ್ಗೆ.

ಮಾನ್ಯರೇ,

ನಾನು ತಿಪಟೂರಿನ ಒಬ್ಬ ಕೊಬ್ಬರಿ ವರ್ತಕ. ನಮ್ಮ ಮನೆಯದು ಎಪಿಎಲ್ ಕಾರ್ಡು. ಸರ್ಕಾರಿ ನೌಕರಿ ಇಲ್ಲ, ಕಂಪನಿಯವರು ಕೊಡುವ ಗುಂಪು ವಿಮೆಯೂ ಇಲ್ಲ. ಕಾಯಿಲೆ ಬಿದ್ದರೆ ಯಾರ ಮುಂದೆಯೂ ಕೈಯೊಡ್ಡಬಾರದೆಂದು ಬಹಳ ವರ್ಷಗಳಿಂದ ನನಗೂ ನನ್ನ ಹೆಂಡತಿಗೂ ಸೇರಿಸಿ ಒಂದು ಆರೋಗ್ಯ ವಿಮೆಯ ಪಾಲಿಸಿ ಕಟ್ಟಿಕೊಂಡು ಬಂದಿದ್ದೇನೆ. ಇಬ್ಬರಿಗೂ ಅರವತ್ತು ದಾಟಿದೆ. ಪ್ರತಿ ನವೀಕರಣಕ್ಕೂ ಪ್ರೀಮಿಯಂ ಏರುತ್ತಿದೆ. ಯಾಕೆ ಎಂದು ಕೇಳಿದರೆ ಕಂಪನಿಯ ಉತ್ತರ ಒಂದೇ: ಆಸ್ಪತ್ರೆ ಖರ್ಚು ಏರಿದೆ, ನಿಮ್ಮ ವಯಸ್ಸೂ ಏರಿದೆ. ವಯಸ್ಸು ಏರುವುದನ್ನು ಯಾವ ಸರ್ಕಾರವೂ ತಡೆಯಲಾರದು. ಆಸ್ಪತ್ರೆ ಖರ್ಚಿನ ವಿಷಯ ಹಾಗಲ್ಲ. ಅದನ್ನು ಹಿಡಿತದಲ್ಲಿಡುವ ಅಧಿಕಾರ ತಮ್ಮ ಇಲಾಖೆಗಿದೆ. ಆ ಅಧಿಕಾರವನ್ನು ಚಲಾಯಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರೀಮಿಯಂ ವಿಷಯ ಎತ್ತಿದಾಗಲೆಲ್ಲ ರಾಜ್ಯದ ಕಡೆಯಿಂದ ಬರುವ ಉತ್ತರ ಗೊತ್ತಿರುವುದೇ. ವಿಮೆ ಕೇಂದ್ರದ ವಿಷಯ, ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳಿ, ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ಇದು ಅರ್ಧ ಸತ್ಯ ಮಾತ್ರ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮೆ ಇರುವುದು ಕೇಂದ್ರ ಪಟ್ಟಿಯ 47ನೇ ನಮೂದಿನಲ್ಲಿ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ಇರುವುದು ರಾಜ್ಯ ಪಟ್ಟಿಯ 6ನೇ ನಮೂದಿನಲ್ಲಿ. ಪಾಲಿಸಿಯ ಷರತ್ತುಗಳನ್ನು ತಿದ್ದುವುದು ಕೇಂದ್ರದ ಕೆಲಸ, ಆಸ್ಪತ್ರೆಯ ಬಿಲ್ಲನ್ನು ಹದ್ದುಬಸ್ತಿನಲ್ಲಿಡುವುದು ರಾಜ್ಯದ ಕೆಲಸ. ಪ್ರೀಮಿಯಂ ಎಂಬುದು ಗಾಳಿಯಲ್ಲಿ ಹುಟ್ಟುವುದಿಲ್ಲ. ಪಾಲಿಸಿದಾರರೆಲ್ಲರ ಆಸ್ಪತ್ರೆ ಬಿಲ್ಲುಗಳನ್ನು ಕೂಡಿ, ಅದಕ್ಕೆ ಕಂಪನಿಯ ಖರ್ಚು, ಏಜೆಂಟರ ಕಮಿಷನ್, ಲಾಭ ಸೇರಿಸಿ, ನಮ್ಮೆಲ್ಲರ ಮೇಲೆ ಹಂಚಿದಾಗ ಬರುವ ಮೊತ್ತವೇ ಪ್ರೀಮಿಯಂ. ಬಿಲ್ಲು ಏರಿದರೆ ಪ್ರೀಮಿಯಂ ಏರಲೇಬೇಕು.

ಕೇಂದ್ರ ತನ್ನ ಕಡೆಯಿಂದ ಈಚೆಗೆ ಕೆಲವು ಒಳ್ಳೆಯ ಸುಧಾರಣೆಗಳನ್ನು ತಂದಿದೆ. 2024ರ ಏಪ್ರಿಲ್‌ನಿಂದ 65 ವರ್ಷ ದಾಟಿದವರೂ ಹೊಸ ಪಾಲಿಸಿ ಕೊಳ್ಳಬಹುದು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿಂದ 36 ತಿಂಗಳಿಗೆ ಇಳಿಯಿತು. ಸತತ 60 ತಿಂಗಳು ಪಾಲಿಸಿ ನಡೆಸಿದವರ ಕ್ಲೇಮನ್ನು, ಮೋಸ ಸಾಬೀತಾಗದ ಹೊರತು, ಅದು ಹೇಳಲಿಲ್ಲ ಇದು ಹೇಳಲಿಲ್ಲ ಎಂಬ ನೆಪದಲ್ಲಿ ತಳ್ಳಿಹಾಕುವಂತಿಲ್ಲ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ಇವೆಲ್ಲ ಪಾಲಿಸಿದಾರನ ಪರವಾದ ಕ್ರಮಗಳೇ. ಆದರೆ ಕಾಯಿಲೆಯವರನ್ನೂ ವಯಸ್ಸಾದವರನ್ನೂ ಬೇಗ ಒಳಗೆ ಬಿಟ್ಟುಕೊಂಡರೆ ಕ್ಲೇಮುಗಳು ಹೆಚ್ಚುತ್ತವೆ, ಕ್ಲೇಮು ಹೆಚ್ಚಿದರೆ ಪ್ರೀಮಿಯಂ ಹೆಚ್ಚುತ್ತದೆ. ಚಿಕಿತ್ಸೆಯ ದರಕ್ಕೆ ಕಡಿವಾಣ ಹಾಕದೆ ವಿಮೆಯ ಬಾಗಿಲು ಮಾತ್ರ ಅಗಲ ಮಾಡಿದರೆ, ಒಳಗೆ ಬರಬಹುದು ಎಂಬ ಹಕ್ಕು ಸಿಗುತ್ತದೆ, ಒಳಗೆ ಉಳಿಯುವ ಶಕ್ತಿ ಸಿಗುವುದಿಲ್ಲ.

ಇದಕ್ಕೆ 2025ರ ಎರಡು ತೀರ್ಮಾನಗಳೇ ಸಾಕ್ಷಿ. ಮೊದಲನೆಯದು ಜನವರಿಯಲ್ಲಿ ಬಂತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು ಆದೇಶವಾಯಿತು. ಎರಡನೆಯದು ಸೆಪ್ಟೆಂಬರ್‌ನದು. ಜಿಎಸ್‌ಟಿ ಮಂಡಳಿಯ 56ನೇ ಸಭೆ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ತೆರಿಗೆಯನ್ನು ಪೂರ್ತಿ ತೆಗೆಯಿತು, ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ಎರಡೂ ಸ್ವಾಗತಾರ್ಹ. ಈಗ ಲೆಕ್ಕ ನೋಡಿ. ಮೂಲ ಪ್ರೀಮಿಯಂ 30,000 ರೂಪಾಯಿ ಇದ್ದವರು ತೆರಿಗೆ ಸೇರಿ 35,400 ರೂಪಾಯಿ ಕಟ್ಟುತ್ತಿದ್ದರು. ತೆರಿಗೆ ಹೋದ ಮೇಲೆ 30,000 ರೂಪಾಯಿ. ಮುಂದಿನ ವರ್ಷ ಯಾರ ಅನುಮತಿಯೂ ಬೇಕಿಲ್ಲದ ಶೇ 10ರ ಏರಿಕೆ ಬಂದರೆ 33,000. ಅದರ ಮುಂದಿನ ವರ್ಷ ಮತ್ತೆ ಶೇ 10 ಎಂದರೆ 36,300. ಎರಡೇ ನವೀಕರಣದಲ್ಲಿ ತೆರಿಗೆ ವಿನಾಯಿತಿ ಪೂರ್ತಿ ಕರಗಿ, ಮೊದಲಿಗಿಂತ 900 ರೂಪಾಯಿ ಹೆಚ್ಚಾಗಿರುತ್ತದೆ. ಅದೇ ವೇಗದಲ್ಲಿ ಹೋದರೆ ಎಂಟು ವರ್ಷಗಳಲ್ಲಿ ಪ್ರೀಮಿಯಂ ಇಮ್ಮಡಿಗಿಂತ ಹೆಚ್ಚು. ಸರ್ಕಾರಗಳು ಬೊಕ್ಕಸದ ಆದಾಯ ಬಿಟ್ಟುಕೊಟ್ಟದ್ದು ಜನರಿಗೆ ದಕ್ಕದೆ ಏರುವ ಬಿಲ್ಲುಗಳ ಪಾಲಾಗುತ್ತದೆ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ, ಬಿಟ್ಟುಕೊಟ್ಟ ತೆರಿಗೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಆ ತ್ಯಾಗ ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆಯೂ ರಾಜ್ಯದ್ದೇ.

ಈಗ ಆಸ್ಪತ್ರೆಯ ಕಡೆಗೆ ಬರುತ್ತೇನೆ. ನನ್ನ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಎಷ್ಟು ಖರ್ಚಾಗುತ್ತದೆ ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿ ಮರುಪ್ರಶ್ನೆ ಬಂತು: ಇನ್ಶೂರೆನ್ಸ್ ಇದೆಯಾ, ಕ್ಯಾಶಾ? ಎರಡಕ್ಕೂ ಬೇರೆ ಬೇರೆ ಮೊತ್ತ ಹೇಳಿದರು. ಶಸ್ತ್ರಚಿಕಿತ್ಸೆ ಒಂದೇ, ವೈದ್ಯರು ಒಬ್ಬರೇ, ಕೊಠಡಿಯೂ ಅದೇ. ವಿಮೆ ಇದ್ದವರ ಮೊತ್ತವೇ ದೊಡ್ಡದು. ಆ ಆಸ್ಪತ್ರೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಯಾಕೆಂದರೆ ದೂರು ಒಂದು ಆಸ್ಪತ್ರೆಯ ಮೇಲಲ್ಲ. ಈ ಮಾತನ್ನು ಯಾರ ಬಳಿ ಹೇಳಿದರೂ ತಮಗೂ ಹಾಗೇ ಆಯಿತೆಂದು ಅವರು ಇನ್ನೊಂದು ಕಥೆ ಹೇಳುತ್ತಾರೆ. ವಿಮೆ ಇದ್ದವನಿಂದ ಹೆಚ್ಚು ತೆಗೆದುಕೊಂಡರೆ ಅವನ ಕಿಸೆಯಿಂದ ಹೋಗುವುದಿಲ್ಲವಲ್ಲ ಎಂದು ಆ ಕೌಂಟರಿನಲ್ಲಿ ಕುಳಿತವರು ತಿಳಿದಿರಬಹುದು. ಹೋಗುತ್ತದೆ. ಮುಂದಿನ ವರ್ಷದ ನವೀಕರಣದಲ್ಲಿ ಹೋಗುತ್ತದೆ. ಅವನೊಬ್ಬನ ಕಿಸೆಯಿಂದಲ್ಲ, ಆ ವರ್ಷ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಪಾಲಿಸಿದಾರರ ಕಿಸೆಯಿಂದಲೂ ಹೋಗುತ್ತದೆ.

ಅಷ್ಟಾಗಿಯೂ ಕ್ಲೇಮು ಪೂರ್ತಿ ಬರುತ್ತದೆಯೇ? ಬರುವುದಿಲ್ಲ. ಕೊಠಡಿ ಬಾಡಿಗೆಗೆ ಮಿತಿ ಇರುವ ಪಾಲಿಸಿಗಳಲ್ಲಿ ಅನುಪಾತದ ಕಡಿತ ಎಂಬ ಕ್ರಮವಿದೆ. ಪಾಲಿಸಿಯಲ್ಲಿ ದಿನಕ್ಕೆ 4,000 ರೂಪಾಯಿ ಬಾಡಿಗೆಯ ಮಿತಿ ಇದ್ದು, ಸಿಕ್ಕಿದ ಕೊಠಡಿ 8,000 ರೂಪಾಯಿಯದಾದರೆ, ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ಶುಶ್ರೂಷೆಯ ಖರ್ಚುಗಳಲ್ಲೂ ಅರ್ಧ ಹೋಗುತ್ತದೆ. ಆ ಖರ್ಚು 80,000 ರೂಪಾಯಿ ಆಗಿದ್ದರೆ ಕಂಪನಿ ಕೊಡುವುದು 40,000. ಔಷಧಿ, ತಪಾಸಣೆ, ದೇಹದೊಳಗೆ ಅಳವಡಿಸುವ ಸಾಧನಗಳಿಗೆ ಈ ಕಡಿತ ಸಲ್ಲದು ಎಂದು ಪ್ರಾಧಿಕಾರ 2020ರಲ್ಲೇ ಸ್ಪಷ್ಟಪಡಿಸಿದೆ, ನಿಜ. ಆದರೂ ಕಡಿತ ಹುಟ್ಟುವುದು ಎಲ್ಲಿಂದ? ಮಲಗುವ ಕೊಠಡಿ ದುಬಾರಿಯಾದರೆ ಅದೇ ಶಸ್ತ್ರಚಿಕಿತ್ಸೆಗೂ ಹೆಚ್ಚು ಹಣ ಎಂಬ ಆಸ್ಪತ್ರೆಗಳ ಪದ್ಧತಿಯಿಂದ. ಅದನ್ನು ವಿಮಾ ಪ್ರಾಧಿಕಾರ ನಿಲ್ಲಿಸಲಾರದು. ಆಸ್ಪತ್ರೆಗಳು ಅದರ ಅಧೀನದಲ್ಲಿಲ್ಲ, ತಮ್ಮ ಅಧೀನದಲ್ಲಿವೆ.

ದೇಶದ ಲೆಕ್ಕವೂ ಇದೇ ಕಥೆ ಹೇಳುತ್ತದೆ. ಪ್ರಾಧಿಕಾರದ ವಾರ್ಷಿಕ ವರದಿಯ ಪ್ರಕಾರ 2023–24ರಲ್ಲಿ ಆರೋಗ್ಯ ವಿಮೆಯಡಿ ಸುಮಾರು 1.17 ಲಕ್ಷ ಕೋಟಿ ರೂಪಾಯಿಯ ಕ್ಲೇಮುಗಳು ಬಂದವು. ಕಂಪನಿಗಳು ಪಾವತಿಸಿದ್ದು 83,493 ಕೋಟಿ, ಅಂದರೆ ಶೇ 71ರಷ್ಟು. ಪಾಲಿಸಿಯ ಷರತ್ತು ತೋರಿಸಿ ಕಡಿತ ಮಾಡಿದ್ದು ಸುಮಾರು 15,100 ಕೋಟಿ. ಪೂರಾ ತಿರಸ್ಕರಿಸಿದ್ದು ಸುಮಾರು 10,937 ಕೋಟಿ. ಆಸ್ಪತ್ರೆ ಹೆಚ್ಚು ಬರೆಯುತ್ತದೆ, ಕಂಪನಿ ಕಡಿಮೆ ಕೊಡುತ್ತದೆ. ನಡುವಿನ ಅಂತರ ತುಂಬಲು ಮನೆಯ ಒಡವೆ ಅಡ ಇಡುವವರು ರೋಗಿಯ ಮನೆಯವರು.

ವಿಮಾ ಕಂಪನಿಯ ವಿರುದ್ಧ ದೂರಲು ಒಂದು ದಾರಿ ಇದೆ. ಕಂಪನಿಗೆ ಬರೆದು 30 ದಿನ ಕಾದು, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ತೀರ್ಮಾನವಾಗುತ್ತದೆ. ಆಸ್ಪತ್ರೆಯ ಬಿಲ್ಲು ಅನ್ಯಾಯದ್ದು ಎಂದು ಯಾರಿಗೆ ದೂರಬೇಕು? ಕಾಗದದ ಮೇಲೆ ಉತ್ತರವಿದೆ. ಜನ ಕೆಪಿಎಂಇ ಎಂದು ಕರೆಯುವ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ದೂರು ಕೊಡಬಹುದು. ಆದರೆ ಇಂಥ ಚಿಕಿತ್ಸೆಗೆ ಇಷ್ಟೇ ಎಂಬ ಮಿತಿಯೇ ಇಲ್ಲದ ಮೇಲೆ ಜಿಲ್ಲಾಧಿಕಾರಿಗಳು ಯಾವುದನ್ನು ಅಳತೆಗೋಲಾಗಿಟ್ಟುಕೊಂಡು ಬಿಲ್ಲು ಹೆಚ್ಚಾಯಿತು ಎಂದು ತೀರ್ಮಾನಿಸಬೇಕು?

ಮಿತಿ ಯಾಕಿಲ್ಲ ಎಂಬುದು ರಾಜ್ಯದ ಜನ ಮರೆಯಬಾರದ ಚರಿತ್ರೆ. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ನೇತೃತ್ವದ ಸಮಿತಿಯ ವರದಿಯ ನಂತರ, ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರು 2017ರಲ್ಲಿ ತಿದ್ದುಪಡಿ ಮಸೂದೆ ತಂದರು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡುವುದು, ತಪ್ಪಿದವರಿಗೆ ಜೈಲು ಶಿಕ್ಷೆ ಎರಡೂ ಅದರಲ್ಲಿದ್ದವು. ಆ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರಾಜ್ಯದ ಉದ್ದಗಲಕ್ಕೂ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಕೊನೆಗೆ ಅಂಗೀಕಾರವಾದ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳು ಉಳಿದವು. ರೋಗಿಗಳ ಹಕ್ಕುಗಳ ಸನ್ನದು ಬಂತು. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದು, ದರಪಟ್ಟಿ ಪ್ರದರ್ಶಿಸಬೇಕು ಎಂಬ ನಿಯಮಗಳು ಬಂದವು. ಎಲ್ಲ ರೋಗಿಗಳಿಗೂ ಅನ್ವಯಿಸುವ ದರ ನಿಯಂತ್ರಣ ಮಾತ್ರ ಬಿದ್ದುಹೋಯಿತು. ಸರ್ಕಾರ ದರ ನಿಗದಿ ಮಾಡುವ ಅಧಿಕಾರ ತನ್ನದೇ ಯೋಜನೆಗಳ ರೋಗಿಗಳಿಗೆ ಸೀಮಿತವಾಯಿತು. ನನ್ನಂಥವರ ಪ್ರೀಮಿಯಂ ಏರಿಕೆಗೆ ದಾರಿ ತೆರೆದದ್ದು ಅಂದಿನ ಆ ಹಿಂಜರಿತ.

ಅದರ ಪರಿಣಾಮ ಹೀಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಇದನ್ನು ನಡೆಸುವುದು ಯಾವ ವಿಮಾ ಕಂಪನಿಯೂ ಅಲ್ಲ, ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಪ್ರತಿ ಚಿಕಿತ್ಸೆಗೂ ಪ್ಯಾಕೇಜ್ ದರವಿದೆ, ಆಸ್ಪತ್ರೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಬಡವರಿಗೆ ಇದು ಜೀವ ಉಳಿಸಿದ ಯೋಜನೆ, ಇದನ್ನು ತಂದ, ಮುಂದುವರಿಸಿದ ಎಲ್ಲ ಸರ್ಕಾರಗಳಿಗೂ ನಾನು ಕೈಮುಗಿಯುತ್ತೇನೆ. ಆದರೆ ಆ ಪ್ಯಾಕೇಜ್ ದರಗಳು ಸಾಲುವುದಿಲ್ಲ, ಹಣವೂ ಸಕಾಲಕ್ಕೆ ಬರುವುದಿಲ್ಲ ಎಂದು ಖಾಸಗಿ ಆಸ್ಪತ್ರೆಗಳ ಸಂಘಗಳೇ ಹೇಳುತ್ತ ಬಂದಿವೆ. ಅವರ ಮಾತು ನಿಜವಾದರೆ, ಅಲ್ಲಿ ಕಡಿಮೆಯಾದ ಹಣವನ್ನು ಅವರು ಇನ್ನೆಲ್ಲಿ ತುಂಬಿಕೊಳ್ಳಬೇಕು? ಮಿತಿಯಿಲ್ಲದ ಕಡೆ, ಅಂದರೆ ನಗದು ಕೊಡುವವರ ಹಾಗೂ ವಿಮೆ ಇರುವವರ ಬಿಲ್ಲಿನಲ್ಲಿ. ತನ್ನ ರೋಗಿಗಳಿಗೆ ಕಟ್ಟುನಿಟ್ಟಿನ ದರ, ಉಳಿದವರಿಗೆ ಮುಕ್ತ ದರ ಎಂಬ ನೀತಿ ಇಟ್ಟುಕೊಂಡಿರುವಷ್ಟು ಕಾಲ, ಸರ್ಕಾರ ಉಳಿಸುವ ಹಣದ ಒಂದು ಭಾಗ ನಮ್ಮ ಪ್ರೀಮಿಯಂಗೆ ಬಂದು ಸೇರುತ್ತದೆ.

ಎಪಿಎಲ್ ಕುಟುಂಬಗಳಿಗೂ ಯೋಜನೆ ಇದೆಯಲ್ಲ ಎಂದು ತಾವು ಹೇಳಬಹುದು. ಇದೆ. ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ. ಪ್ಯಾಕೇಜ್ ದರ ಒಂದು ಲಕ್ಷ ಇರುವ ಶಸ್ತ್ರಚಿಕಿತ್ಸೆಗೆ ಸಿಗುವುದು 30,000. ಉಳಿದದ್ದು ನಮ್ಮದೇ. ಬಿಪಿಎಲ್, ಎಪಿಎಲ್ ನಡುವಿನ ಗೆರೆ ಎಳೆದಿರುವುದು ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯದ ಮೇಲೆ. ತಿಂಗಳಿಗೆ ಹತ್ತು ಸಾವಿರ. ಹತ್ತು ಸಾವಿರದ ಮೇಲೆ ಒಂದಿಷ್ಟು ಸಂಪಾದಿಸುವ ಟೈಲರ್, ಆಟೊ ಚಾಲಕ, ಅಂಗಡಿಯ ಗುಮಾಸ್ತ ಶ್ರೀಮಂತರಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ನಡೆದಾಗ ಜನ ಗಾಬರಿಯಾದದ್ದು ಅಕ್ಕಿ ನಿಂತುಹೋಗುತ್ತದೆ ಎಂಬ ಒಂದೇ ಕಾರಣಕ್ಕಲ್ಲ. ಕಾರ್ಡಿನ ಜೊತೆಗೆ 5 ಲಕ್ಷ ರೂಪಾಯಿಯ ಚಿಕಿತ್ಸೆಯೂ ಹೋಗುತ್ತದೆ ಎಂಬ ಭಯ ಇನ್ನೂ ದೊಡ್ಡದಾಗಿತ್ತು. ಕೂಗೆದ್ದ ಮೇಲೆ ಸರ್ಕಾರ ಅರ್ಹರ ಕಾರ್ಡುಗಳನ್ನು ಮರಳಿಸಲು ಹೇಳಿತು. ಅಕ್ಕಿ ಯಾರಿಗೆ ಎಂಬ ಪ್ರಶ್ನೆಯನ್ನೂ ಶಸ್ತ್ರಚಿಕಿತ್ಸೆ ಯಾರಿಗೆ ಎಂಬ ಪ್ರಶ್ನೆಯನ್ನೂ ಒಂದೇ ಚೀಟಿಗೆ ಕಟ್ಟಿಹಾಕಿರುವುದು ಸರಿಯೇ ಎಂಬುದನ್ನು ತಮ್ಮ ಇಲಾಖೆ ಯೋಚಿಸಬೇಕು.

ಕೇಂದ್ರದ ಮೇಲೂ ನ್ಯಾಯವಾದ ತಕರಾರು ಇದೆ, ಅದನ್ನು ನಾನು ಒಪ್ಪುತ್ತೇನೆ. 2011ರ ಸಾಮಾಜಿಕ–ಆರ್ಥಿಕ ಗಣತಿಯ ಆಧಾರದಲ್ಲಿ ಕೇಂದ್ರ ನಮ್ಮ ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅಷ್ಟಕ್ಕೆ ಮಾತ್ರ 60:40ರ ಅನುಪಾತದಲ್ಲಿ ತನ್ನ ಪಾಲು ಕೊಡುತ್ತದೆ. ಆ ಪಟ್ಟಿಯಲ್ಲಿಲ್ಲದ ಬಿಪಿಎಲ್ ಕುಟುಂಬಗಳ ಖರ್ಚು ಪೂರ್ತಿ ರಾಜ್ಯದ್ದು. 2024ರ ಅಕ್ಟೋಬರ್ 29ರಂದು 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಭೇದವಿಲ್ಲದೆ, ಆಯುಷ್ಮಾನ್ ಯೋಜನೆಯನ್ನು ಕೇಂದ್ರ ವಿಸ್ತರಿಸಿದಾಗಲೂ ಖರ್ಚು ಯಾರು ಹೊರಬೇಕೆಂಬ ಪ್ರಶ್ನೆ ಎದ್ದಿತು. ಕೇಂದ್ರ ತನ್ನ ಪಾಲನ್ನು ಹೆಚ್ಚಿಸಬೇಕೆಂದು ತಾವು ಕೇಳುವುದು ಸರಿಯೇ, ಬಿಡದೆ ಕೇಳಿ. ಆದರೆ ಎಪ್ಪತ್ತು ದಾಟಿದವರಿಗೆ ಆ ಜಗಳ ಮುಗಿಯುವವರೆಗೆ ಕಾಯುವ ವ್ಯವಧಾನ ಇರುವುದಿಲ್ಲ. ಖಾಸಗಿ ವಿಮೆಯಲ್ಲಿ ಅತಿ ಹೆಚ್ಚು ಪ್ರೀಮಿಯಂ ಬೀಳುವುದು ಆ ವಯಸ್ಸಿನವರಿಗೇ. ಸರ್ಕಾರ ಅವರನ್ನು ತನ್ನ ಯೋಜನೆಗೆ ಸೇರಿಸಿಕೊಂಡರೆ ಇಡೀ ಮಧ್ಯಮ ವರ್ಗದ ಹೊರೆ ಇಳಿಯುತ್ತದೆ.

ದರ ಮಿತಿ ಸಾಧ್ಯವಿಲ್ಲ, ಆಸ್ಪತ್ರೆಗಳು ಒಪ್ಪುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಇದೇ ಕರ್ನಾಟಕದಲ್ಲಿ 2020ರ ಜೂನ್‌ನಲ್ಲಿ ಕೋವಿಡ್ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡಿತ್ತು. ನೇರವಾಗಿ ದಾಖಲಾದವರಿಗೆ ದಿನಕ್ಕೆ ಸಾಮಾನ್ಯ ವಾರ್ಡಿಗೆ 10,000, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕಕ್ಕೆ 25,000 ರೂಪಾಯಿ. ಸರ್ಕಾರ ಕಳಿಸಿದವರಿಗೆ 5,200 ಮತ್ತು 10,000. 2024ರ ಜುಲೈನಲ್ಲಿ ಡೆಂಗಿ ಹೆಚ್ಚಿದಾಗ ಎಲೈಸಾ ವಿಧಾನದ ಎರಡು ತಪಾಸಣೆಗಳಿಗೆ ತಲಾ 300 ರೂಪಾಯಿ ಎಂದು ತಮ್ಮ ಇಲಾಖೆಯೇ ಮಿತಿ ಹಾಕಿತು. ಯಾವ ಲ್ಯಾಬೂ ಮುಚ್ಚಲಿಲ್ಲ. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಫೆಬ್ರುವರಿಯಲ್ಲಿ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟಿನ ಬೆಲೆಯನ್ನು 29,600 ರೂಪಾಯಿಗೆ ಇಳಿಸಿತು. ಹೃದಯ ಚಿಕಿತ್ಸೆ ನಿಂತಿತೇ? ಇಲ್ಲ. ಆದರೆ ಅಲ್ಲಿ ಮಿತಿ ಬಿದ್ದದ್ದು ಸ್ಟೆಂಟಿಗೆ ಮಾತ್ರ. ಅದನ್ನು ಅಳವಡಿಸುವ ಶುಲ್ಕ, ಕ್ಯಾತ್‌ಲ್ಯಾಬ್, ಕೊಠಡಿಗಳ ದರ ಮುಕ್ತವಾಗಿಯೇ ಉಳಿದವು. ಬಿಡಿ ವಸ್ತುವಿಗೆ ಮಿತಿ ಹಾಕಿದರೆ ಸಾಲದು, ಇಡೀ ಚಿಕಿತ್ಸೆಗೆ ಹಾಕಬೇಕು ಎಂಬುದೇ ಅದರ ಪಾಠ.

ಇದಕ್ಕಿಂತ ಹಳೆಯ ಪಾಠ ನಮ್ಮ ಮಣ್ಣಿನಲ್ಲೇ ಇದೆ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಭದ್ರತೆ ಪಡೆದ. ಅಷ್ಟು ಕಡಿಮೆ ಹಣದಲ್ಲಿ ಅದು ನಡೆದದ್ದು ಹೇಗೆ? ಸರ್ಕಾರದ ನೆರವಿತ್ತು. ಅದರ ಜೊತೆಗೆ, ಲಕ್ಷಾಂತರ ಸದಸ್ಯರ ಪರವಾಗಿ ಯಶಸ್ವಿನಿಯ ಟ್ರಸ್ಟ್ ಒಂದೇ ದನಿಯಲ್ಲಿ ಆಸ್ಪತ್ರೆಗಳೊಂದಿಗೆ ದರ ಗೊತ್ತುಮಾಡಿಕೊಂಡಿತ್ತು. 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿದ್ದ ಯಶಸ್ವಿನಿಯನ್ನು ಜನರ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ತರಬೇಕಾಯಿತು. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ದರ ಮೊದಲು ಗೊತ್ತಾಗಿದ್ದರೆ ಪ್ರೀಮಿಯಂ ತಾನಾಗಿ ಕೈಗೆಟಕುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಸಹಕಾರ ಸಂಘದ ಸದಸ್ಯರಲ್ಲದ ಪಟ್ಟಣದ ಸಣ್ಣ ವರ್ತಕರಿಗೆ, ಕುಶಲಕರ್ಮಿಗಳಿಗೆ ಈ ಬಾಗಿಲು ಯಾಕೆ ತೆರೆಯಬಾರದು? ರಾಜಸ್ಥಾನ 2021ರಲ್ಲಿ ಚಿರಂಜೀವಿ ಯೋಜನೆ ತಂದಾಗ ಬಡವರಿಗೆ ಉಚಿತವಾಗಿ ಕೊಟ್ಟು, ಉಳಿದ ಕುಟುಂಬಗಳಿಗೆ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರುವ ಅವಕಾಶ ಮಾಡಿತ್ತು. ಅದು ಆ ರಾಜ್ಯ ಮಾಡಿಕೊಂಡ ಆಯ್ಕೆ. ನಮ್ಮಲ್ಲೂ ಅಂಥ ಆಯ್ಕೆ ಸಾಧ್ಯ.

ವೈದ್ಯರ ಮೇಲೆ ನನಗೆ ದ್ವೇಷವಿಲ್ಲ. ತಾಲ್ಲೂಕು ಊರಿನಲ್ಲಿ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವ ವೈದ್ಯರ ಕಷ್ಟ ನಮಗೆ ಗೊತ್ತು. ಸಾಲದ ಕಂತು, ವಿದ್ಯುತ್ ಬಿಲ್ಲು, ಸಿಬ್ಬಂದಿ ಸಂಬಳ ಎಲ್ಲವೂ ಅವರ ಮೇಲಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಅವರಿಗೂ ಒಂದೇ ದರ ಎಂದು ನಾನು ಹೇಳುವುದಿಲ್ಲ. ಊರಿನ ಗಾತ್ರ, ಆಸ್ಪತ್ರೆಯ ಸೌಲಭ್ಯ ನೋಡಿ ಶ್ರೇಣಿ ಮಾಡಿ. ನಿಜವಾದ ಖರ್ಚನ್ನು ಅಧ್ಯಯನ ಮಾಡಿ, ನ್ಯಾಯವಾದ ಲಾಭ ಸೇರಿಸಿ, ವೈದ್ಯರನ್ನೂ ರೋಗಿಗಳ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ದರ ಕಟ್ಟಿ, ವರ್ಷಕ್ಕೊಮ್ಮೆ ಪರಿಷ್ಕರಿಸಿ. ನಮ್ಮ ಕೃಷಿ ಮಾರುಕಟ್ಟೆಯಲ್ಲಿ ಕೊಬ್ಬರಿಯ ದರ ಎಲ್ಲರ ಕಣ್ಣೆದುರು ಗೊತ್ತಾಗುತ್ತದೆ, ಕೊಳ್ಳುವವನ ಕಿಸೆ ತಡಕಿ ನೋಡಿ ಯಾರೂ ಬೆಲೆ ಹೇಳುವುದಿಲ್ಲ. ಕೊಬ್ಬರಿಗಿರುವ ನ್ಯಾಯ ಕಾಯಿಲೆಯವನಿಗೂ ಇರಲಿ.

ಆದ್ದರಿಂದ ತಮ್ಮ ಮುಂದೆ ಈ ಬೇಡಿಕೆಗಳನ್ನು ಇಡುತ್ತಿದ್ದೇನೆ.

1. ಕೆಪಿಎಂಇ ಕಾಯ್ದೆಗೆ ಮತ್ತೆ ತಿದ್ದುಪಡಿ ತಂದು, ಹೆರಿಗೆ, ಪಿತ್ತಕೋಶ, ಹರ್ನಿಯ, ಕಣ್ಣಿನ ಪೊರೆ, ಮೊಣಕಾಲು ಕೀಲು, ಆಂಜಿಯೊಪ್ಲಾಸ್ಟಿಯಂಥ ಸಾಮಾನ್ಯ ಚಿಕಿತ್ಸೆಗಳಿಗೆ ಶ್ರೇಣಿವಾರು ಗರಿಷ್ಠ ದರ ನಿಗದಿ ಮಾಡಬೇಕು. 2017ರಲ್ಲಿ ಕೈಬಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

2. ನಗದು ಕೊಡುವವರಿಗೂ ವಿಮೆ ಇರುವವರಿಗೂ ಒಂದೇ ದರ ಎಂಬುದನ್ನು ನಿಯಮವಾಗಿಸಬೇಕು. ಕೊಠಡಿ ಬದಲಾದರೆ ಬಾಡಿಗೆ ಮಾತ್ರ ಬದಲಾಗಲಿ, ಶಸ್ತ್ರಚಿಕಿತ್ಸೆಯ ಶುಲ್ಕ ಬದಲಾಗಬಾರದು.

3. ಪ್ರತಿ ಖಾಸಗಿ ಆಸ್ಪತ್ರೆಯ ದರಪಟ್ಟಿ ಗೋಡೆಯ ಮೇಲಷ್ಟೇ ಅಲ್ಲ, ಜಿಲ್ಲಾವಾರು ಒಂದೇ ಜಾಲತಾಣದಲ್ಲಿ, ಕನ್ನಡದಲ್ಲಿ ಸಿಗಬೇಕು. ಕಾಯಿಲೆಯವನನ್ನು ಕರೆದೊಯ್ಯುವ ಮೊದಲೇ ಮನೆಯವರು ಹೋಲಿಸಿ ನೋಡುವಂತಿರಬೇಕು.

4. ಎಪಿಎಲ್ ಕುಟುಂಬಗಳು ಆದಾಯಕ್ಕೆ ತಕ್ಕ ವಂತಿಗೆ ಕಟ್ಟಿ ಆರೋಗ್ಯ ಕರ್ನಾಟಕದ 5 ಲಕ್ಷದ ಭದ್ರತೆಗೆ ಸೇರುವ ಅವಕಾಶ ಕೊಡಬೇಕು. ಬಿಟ್ಟಿಯಾಗಿ ಕೊಡಿ ಎಂದು ನಾವು ಕೇಳುತ್ತಿಲ್ಲ.

5. ಪಡಿತರ ಚೀಟಿ ರದ್ದಾದರೂ ಕನಿಷ್ಠ ಒಂದು ವರ್ಷ ಆರೋಗ್ಯ ಸೌಲಭ್ಯ ಮುಂದುವರಿಯಬೇಕು. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯ ನಡುವೆ ಇರುವವರಿಗೆ ಚಿಕಿತ್ಸೆ ಮುಗಿಯುವವರೆಗೆ ಮುಂದುವರಿಯಬೇಕು.

6. ಕೇಂದ್ರದೊಂದಿಗಿನ ಲೆಕ್ಕಾಚಾರ ಏನೇ ಇರಲಿ, 70 ದಾಟಿದ ಎಲ್ಲರಿಗೂ ರಾಜ್ಯದಲ್ಲಿ ಚಿಕಿತ್ಸೆಯ ಭದ್ರತೆ ಅಡೆತಡೆಯಿಲ್ಲದೆ ಸಿಗಬೇಕು.

7. ಯೋಜನೆಯಡಿ ಚಿಕಿತ್ಸೆ ಕೊಟ್ಟ ಆಸ್ಪತ್ರೆಗಳಿಗೆ ಗೊತ್ತುಪಡಿಸಿದ ದಿನದೊಳಗೆ ಹಣ ಪಾವತಿಸಬೇಕು. ಸರ್ಕಾರದ ಬಾಕಿಯನ್ನು ನೆಪ ಮಾಡಿ ಬೇರೆ ರೋಗಿಗಳ ಬಿಲ್ಲು ಏರಿಸಲು ಆಗ ಕಾರಣ ಉಳಿಯುವುದಿಲ್ಲ.

8. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು.

ಇವುಗಳ ಜೊತೆಗೆ ಒಂದು ಮಾತು. ಖಾಸಗಿ ಆಸ್ಪತ್ರೆಯ ದರಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಕಡಿವಾಣ ಪಕ್ಕದಲ್ಲೇ ಇರುವ ಒಳ್ಳೆಯ ಸರ್ಕಾರಿ ಆಸ್ಪತ್ರೆ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯನ್ನು ನೋಡಿ. ಅಲ್ಲಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಚಿಕಿತ್ಸೆ ಸಿಗುತ್ತದೆ ಎಂಬ ನಂಬಿಕೆಯಿಂದ ಬಡವರೂ ಬರುತ್ತಾರೆ, ಅನುಕೂಲಸ್ಥರೂ ಬರುತ್ತಾರೆ. ಅಂಥ ಸಂಸ್ಥೆ ಪ್ರತಿ ವಿಭಾಗಕ್ಕೂ, ಪ್ರತಿ ರೋಗಕ್ಕೂ ಬೆಳೆದರೆ ಅರ್ಧ ಸಮಸ್ಯೆ ತೀರುತ್ತದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ವೇಳೆಗೆ ಸರ್ಕಾರಗಳ ಆರೋಗ್ಯ ವೆಚ್ಚ ದೇಶದ ಜಿಡಿಪಿಯ ಶೇ 2.5 ಆಗಬೇಕೆಂದು ಹೇಳಿತ್ತು. 2021–22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84 ಇತ್ತು. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ನೇರವಾಗಿ ಕೊಟ್ಟದ್ದು ಶೇ 39.4. 2013–14ರಲ್ಲಿದ್ದ ಶೇ 64.2ಕ್ಕಿಂತ ಇದು ಇಳಿದಿದೆ ಎಂಬುದು ಸಮಾಧಾನದ ವಿಷಯ. ಸರ್ಕಾರ ಹಣ ಹಾಕಿದರೆ ಜನರ ಹೊರೆ ಇಳಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಇಳಿಯಬೇಕಾದದ್ದು ಇನ್ನೂ ಬಹಳಷ್ಟಿದೆ.

ಪ್ರೀಮಿಯಂ ಕಟ್ಟಲಾಗದೆ ಪಾಲಿಸಿ ಬಿಡುತ್ತಿರುವ ಕುಟುಂಬಗಳು ನಮ್ಮ ಊರಿನಲ್ಲಿವೆ, ಪ್ರತಿ ಊರಿನಲ್ಲೂ ಇವೆ. ಇವರು ಇಷ್ಟು ವರ್ಷ ಸರ್ಕಾರಕ್ಕೆ ಭಾರವಾಗದೆ ತಮ್ಮ ಜವಾಬ್ದಾರಿ ತಾವೇ ಹೊತ್ತವರು. ಪಾಲಿಸಿ ಕೈಬಿಟ್ಟ ದಿನ ಇವರ ಪಾಲಿಗೆ ಉಳಿಯುವುದು ಎಪಿಎಲ್ ಕಾರ್ಡಿನ ಶೇ 30. ಒಂದು ದೊಡ್ಡ ಕಾಯಿಲೆ ಬಂದರೆ ಇಂಥ ಕುಟುಂಬ ಒಂದೇ ವರ್ಷದಲ್ಲಿ ಬಿಪಿಎಲ್ ಗೆರೆಯ ಕೆಳಗೆ ಬೀಳುತ್ತದೆ. ಆಗ ಅದೇ ಸರ್ಕಾರ 5 ಲಕ್ಷದ ಚಿಕಿತ್ಸೆ ಕೊಡುತ್ತದೆ. ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳದಂತೆ ಹಿಡಿಯುವುದು ಬೊಕ್ಕಸಕ್ಕೂ ಹಿತ, ಕುಟುಂಬದ ಮರ್ಯಾದೆಗೂ ಹಿತ.

ಮಾನ್ಯ ಸಚಿವರೇ, ವಿಮೆಯ ಕಾನೂನು ಬದಲಿಸುವ ಅಧಿಕಾರ ತಮಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಆಸ್ಪತ್ರೆಯ ದರಕ್ಕೆ ಮಿತಿ ಹಾಕುವ ಅಧಿಕಾರ ರಾಜ್ಯಕ್ಕಿದೆ, ಕೋವಿಡ್‌ನಲ್ಲೂ ಡೆಂಗಿಯಲ್ಲೂ ಅದನ್ನು ಚಲಾಯಿಸಿ ತೋರಿಸಿದೆ. ಮುಂದಿನ ವಿಧಾನಮಂಡಲ ಅಧಿವೇಶನದಲ್ಲಿ ಈ ತಿದ್ದುಪಡಿ ಮಸೂದೆಯನ್ನು ಮಂಡಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ಪಾಲಿಸಿದಾರ